ಸೋತವರು ಕಟ್ಟಿದ ಗೋಡೆ: ರಾಯಚೂರು ಕೋಟೆ ಮತ್ತು ಎಡೆದೊರೆಯ ತೋಪುಗಳು

ರಾಯಚೂರು ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಒಂದೇ ಕಲ್ಲಿದೆ. ಅದರ ಮೇಲಿರುವ ತೆಲುಗು ಶಾಸನ 1294ರದು. ಕಾಕತೀಯರ ಸಾಮಂತ ಗೋನ ಗನ್ನಯ್ಯರೆಡ್ಡಿಯ ಕೈಕೆಳಗಿದ್ದ ವಿಠ್ಠಲನೆಂಬುವನು ಆದವಾನಿ, ಮಾನುವ ಮೊದಲಾದ ಕೋಟೆಗಳನ್ನು ಹಿಡಿದ ಮೇಲೆ ರಾಯಚೂರಿನ ಜನರ ರಕ್ಷಣೆಗೆಂದು ಈ ಕೋಟೆ ಕಟ್ಟಿಸಿದ ಎಂಬುದು ಅದರ ಸಾರ. ಆದವಾನಿ ಎಂದರೆ ಇಂದಿನ ಆದೋನಿ, ಮಾನುವ ಎಂದರೆ ಮಾನ್ವಿ.

ಶಾಸನಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನಿಲ್ಲಿಸಿಕೊಂಡದ್ದು ಗೋಡೆಯ ಮೇಲೆಯೇ ಗೀರಿದ ಒಂದು ಚಿತ್ರ. ಬಂಡಿಯ ಮೇಲೆ ಉದ್ದನೆಯ ಬಂಡೆ. ಮುಂದೆ ಸಾಲಾಗಿ ಕೋಣಗಳು. ಗಾಲಿಯ ಹತ್ತಿರ ಬಾಗಿ ನಿಂತು ಸನ್ನೆಗೋಲಿನಿಂದ ಮೀಟುತ್ತಿರುವ ಆಳುಗಳು. ಕೆತ್ತನೆಯಲ್ಲ, ಬರೀ ಗೀರು. ನಡುಹಗಲಲ್ಲಿ ಹೋದರೆ ಕಣ್ಣಿಗೆ ಹತ್ತುವುದೇ ಇಲ್ಲ, ಓರೆಬಿಸಿಲು ಬಿದ್ದಾಗ ಏಳುತ್ತದೆ. ಶಾಸನದಲ್ಲಿ ಕಟ್ಟಿಸಿದವನಿದ್ದಾನೆ, ಗೀರಿನಲ್ಲಿ ಕಟ್ಟಿದವರಿದ್ದಾರೆ. ನಮ್ಮ ಕೋಟೆಗಳಲ್ಲಿ ಎರಡೂ ಒಂದೆಡೆ ಸಿಗುವುದು ಅಪರೂಪ.

ಕೋಟೆಯ ಚರಿತ್ರೆಯೆಂದರೆ ರಾಜವಂಶಗಳ ಪಟ್ಟಿ ಎಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಇಂಥವರು ಕಟ್ಟಿಸಿದರು, ಇಂಥವರು ಗೆದ್ದರು, ಇಂಥವರ ಕಾಲದಲ್ಲಿ ಜೀರ್ಣವಾಯಿತು, ಮುಗಿಯಿತು. ರಾಯಚೂರಿನ ಮಟ್ಟಿಗಾದರೂ ಈ ಕ್ರಮ ಸಾಲದು ಎಂಬುದು ಈ ಲೇಖನದ ವಾದ. ಇಲ್ಲಿ ಗೋಡೆಯನ್ನು ಬದಲಿಸಿದ್ದು ಗೆಲುವಲ್ಲ, ಸೋಲು.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಎಡೆದೊರೆ ಎಂಬುದು ಹಳೆಯ ಹೆಸರು. ಬಹಮನಿಗಳಿಗೂ ವಿಜಯನಗರಕ್ಕೂ, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳಿಗೂ ವಿಜಯನಗರಕ್ಕೂ ಇದು ಮುಗಿಯದ ತಕರಾರಿನ ನೆಲ. ರಾಯಚೂರು, ಮುದಗಲ್ ಎರಡನ್ನೂ ಹಿಡಿದವನಿಗೆ ಎಡೆದೊರೆ ದಕ್ಕುತ್ತಿತ್ತು. ರಾಯಚೂರಿನ ಗೋಡೆಗಳಲ್ಲಿ ಈ ಹಗ್ಗಜಗ್ಗಾಟ ಬರಿಗಣ್ಣಿಗೇ ಕಾಣುತ್ತದೆ. ಒಳಗೋಡೆಯಲ್ಲಿ ಭಾರಿ ಕಲ್ಲುಗಳನ್ನು ನಯವಾಗಿ ತಾಸಿ, ಗಚ್ಚಿಲ್ಲದೆ ಒಂದಕ್ಕೊಂದು ಕೂಡಿಸಿದ್ದಾರೆ. ಹೊರಗೋಡೆಯ ಕಲ್ಲು ಒರಟು. ಅದು ಬಹಮನಿ ಮತ್ತು ಆದಿಲ್‌ಶಾಹಿ ಕಾಲದ್ದು. ಮೂರು ಕಡೆ ಕಂದಕ, ತೆಂಕಣಕ್ಕೆ ಬಂಡೆಗುಡ್ಡಗಳ ಸಾಲು.

ಈ ಗೋಡೆಗೆ ನಿಜವಾದ ಪರೀಕ್ಷೆ ಬಂದದ್ದು 1520ರಲ್ಲಿ, ಬಿಜಾಪುರದ ಕೈಯಲ್ಲಿದ್ದ ಕೋಟೆಗೆ ವಿಜಯನಗರದ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ. ನಮಗೆ ಮುಖ್ಯವಾಗಿ ಎರಡು ಕಥನಗಳಿವೆ. ಒಂದು, ಕುದುರೆ ವ್ಯಾಪಾರಿಯಾಗಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ನೂನಿಜ್ ಬರೆದದ್ದು. ಇನ್ನೊಂದು, ಸುಮಾರು ಎಂಟು ದಶಕ ಕಳೆದ ಮೇಲೆ ಬಿಜಾಪುರದ ಆಶ್ರಯದಲ್ಲಿ ಫೆರಿಷ್ತಾ ಬರೆದದ್ದು. ನೂನಿಜನ ಪ್ರಕಾರ ಜಗಳ ಹುಟ್ಟಿದ್ದು ಹಣದಿಂದ. ಗೋವೆಯಿಂದ ಕುದುರೆ ತರಲು ರಾಯ 40,000 ಪರ್ದಾವು ಕೊಟ್ಟು ಕಳಿಸಿದ ವ್ಯಾಪಾರಿ ಹಣದ ಸಮೇತ ಆದಿಲ್ ಶಾನ ಸೀಮೆಗೆ ಓಡಿಹೋದ. ಫೆರಿಷ್ತಾ ಸೋಲಿನ ಹೊಣೆಯನ್ನು ಕುಡಿತದ ಮೇಲೆ ಹಾಕುತ್ತಾನೆ: ಇಸ್ಮಾಯಿಲ್ ಆದಿಲ್ ಶಾ ಅಮಲಿನಲ್ಲಿ ಆನೆ ಏರಿ ಕೃಷ್ಣೆಯನ್ನು ದಾಟಿಬಿಟ್ಟನಂತೆ. ಸೋತ ಅರಮನೆಯ ಚರಿತ್ರಕಾರನಿಗೆ ಇದು ಅನುಕೂಲದ ಕಾರಣ ಎಂದು ನನಗನಿಸುತ್ತದೆ. ನೂನಿಜನಲ್ಲೂ ಉಪ್ಪು ಖಾರ ಕಡಿಮೆಯಿಲ್ಲ. ಅವನು ಕೊಡುವ ಏಳು ಲಕ್ಷ ಕಾಲಾಳುಗಳ ಲೆಕ್ಕವನ್ನು ಯಾರೂ ಹಾಗೆಯೇ ನುಂಗಬೇಕಿಲ್ಲ. ಆದರೆ ಮುತ್ತಿಗೆಯ ವಿವರಗಳಲ್ಲಿ ಅವನು ಎಚ್ಚರದ ಬರಹಗಾರ.

ಅವನ ವಿವರವನ್ನು ಗೋಡೆಯ ಮುಂದೆ ನಿಂತು ಓದಬೇಕು. ಕೋಟೆಯ ಮೇಲೆ 200 ದೊಡ್ಡ ತೋಪುಗಳಿದ್ದವು ಎನ್ನುತ್ತಾನೆ. ಇಷ್ಟಿದ್ದೂ ರಾಯನ ಆಳುಗಳು ಗೋಡೆಯ ಬುಡಕ್ಕೇ ಬಂದು ಹಾರೆ ಗುದ್ದಲಿಯಿಂದ ಕಲ್ಲು ಕಿತ್ತರು. ನಾಯಕರು ಕಿತ್ತ ಕಲ್ಲಿನ ಗಾತ್ರ ನೋಡಿ ಹಣ ಎಣಿಸಿಕೊಟ್ಟರು. ಇದು ಹೇಗೆ ಸಾಧ್ಯವಾಯಿತು? ಎತ್ತರದ ಗೋಡೆಯ ತಲೆಯಲ್ಲಿ ಕೂತ ತೋಪಿನ ಬಾಯಿ ದೂರಕ್ಕೆ ನೋಡುತ್ತದೆ, ತನ್ನ ಕಾಲಬುಡಕ್ಕಲ್ಲ. ಕೆಳಗಿನವರನ್ನು ಹೊಡೆಯಬೇಕಾದರೆ ಕಾವಲಿನವರು ತೆನೆಗಳಾಚೆ ಬಗ್ಗಿಯೇ ಕಲ್ಲೆಸೆಯಬೇಕು, ಬಾಣ ಬಿಡಬೇಕು. ಹಾಗೆ ಬಗ್ಗಿದವರನ್ನು ಕ್ರಿಸ್ತೋವಾವ್ ದ ಫಿಗೇರೆದು ಎಂಬ ಪೋರ್ಚುಗೀಸನೂ ಅವನ ಸಣ್ಣ ತಂಡವೂ ಬಂದೂಕಿನಿಂದ ಒಬ್ಬೊಬ್ಬರನ್ನೇ ಉರುಳಿಸಿದರು. ಕೊನೆಗೆ ಕೋಟೆಯ ಅಧಿಕಾರಿಯೇ ಇಣುಕಿ ನೋಡಲು ಹೋಗಿ ಹಣೆಗೆ ಗುಂಡು ತಿಂದ. ಊರು ಶರಣಾಯಿತು. ಅದಕ್ಕೆ ಮೊದಲೇ, ಕೃಷ್ಣೆಯ ಬಳಿ ನಡೆದ ಬಯಲು ಕಾಳಗದಲ್ಲಿಯೂ ಹೀಗೇ ಆಗಿತ್ತು: ಬಿಜಾಪುರದ ತೋಪುಗಳು ಒಮ್ಮೆಗೇ ಗುಡುಗಿ ವಿಜಯನಗರದ ಮುಂಪಡೆಯನ್ನು ಚೆದರಿಸಿದವು, ಮತ್ತೆ ಮದ್ದು ತುಂಬುವಷ್ಟರಲ್ಲಿ ರಾಯನ ಪಡೆ ಮೈಮೇಲೆ ಬಿದ್ದಿತ್ತು.

ಈ ಪ್ರಸಂಗವನ್ನು ಮದ್ದುಗುಂಡಿನ ಚರಿತ್ರೆಯ ನೆಲೆಯಿಂದ ಮರಳಿ ಓದಿದವರು ರಿಚರ್ಡ್ ಈಟನ್. ಫಿಲಿಪ್ ವ್ಯಾಗನರ್ ಜೊತೆ ಅವರು ಬರೆದ, ದಖ್ಖನಿನ ಅಧಿಕಾರ, ನೆನಪು ಮತ್ತು ವಾಸ್ತುವನ್ನು ಕುರಿತ 2014ರ ಗ್ರಂಥ ಇಲ್ಲಿನ ಕೋಟೆಗಳನ್ನು ನಡೆದು ನೋಡಿ ಬರೆದದ್ದು. ಅವರ ನಿಲುವನ್ನು ಸರಳವಾಗಿ ಹೇಳಬಹುದು. ತೋಪುಗಳಿದ್ದವನು ಸೋತ, ಕುದುರೆ ಮತ್ತು ಕಾಲಾಳುಗಳನ್ನು ನಂಬಿದವನು ಗೆದ್ದ. ಹೀಗಾಗಿ ಗೆದ್ದ ವಿಜಯನಗರಕ್ಕೆ ತೋಪಿನ ಬಗ್ಗೆ ಯೋಚಿಸುವ ಜರೂರು ಬರಲಿಲ್ಲ, ಸೋತ ಬಿಜಾಪುರಕ್ಕೆ ಯೋಚಿಸದೆ ಗತಿಯಿರಲಿಲ್ಲ. ಒಂದೇ ಯುದ್ಧದ ಮೇಲೆ ಇಷ್ಟು ಭಾರ ಹೊರಿಸುವುದು ಹೆಚ್ಚಾಯಿತೇನೋ ಎಂಬ ಅನುಮಾನ ನನಗಿದೆ. ದಖ್ಖನಿಗೆ ಬಂದು ನೆಲೆಸಿದ ತುರ್ಕಿ ಎರಕಗಾರರ ಕೈವಾಡವನ್ನು ಇನ್ನಷ್ಟು ತೂಗಿ ನೋಡಬೇಕು. ಆದರೂ ಎಡೆದೊರೆಯಲ್ಲಿ ಕಾಲಾಡಿಸಿದವರಿಗೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ.

ಹದಿನಾರನೆಯ ಶತಮಾನದ ನಡುವಿನಿಂದ ಬಿಜಾಪುರದ ಸೀಮೆಯ ಬುರುಜುಗಳು ಬೇರೆಯೇ ಆಗುತ್ತವೆ. ದುಂಡನೆಯ, ಅಗಲ ತಲೆಯ ಬುರುಜಿನ ಮೇಲೆ ನಡುವೆ ಗೂಟದಂತೆ ಒಂದು ತಿರುಗಣೆ, ಅದರ ಮೇಲೆ ಉದ್ದನೆಯ ತೋಪು. ತೋಪನ್ನು ಬಂಡಿಯಲ್ಲಿ ಎಳೆದಾಡುವ ಕೆಲಸವಿಲ್ಲ. ಕೂತಲ್ಲೇ ಸುತ್ತ ತಿರುಗುತ್ತದೆ, ಬಾಯಿ ಏಳುತ್ತದೆ, ಬಾಗುತ್ತದೆ. ಬಿಜಾಪುರದ ಉಪ್ಪಲಿ ಬುರುಜು ಈ ಯೋಚನೆಯ ತುದಿ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಇದು ಸುಮಾರು 80 ಅಡಿ ಎತ್ತರವಿದೆ. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿ ಹೋದರೆ ಮೇಲಿರುವ ಎರಡು ತೋಪುಗಳಲ್ಲಿ ದೊಡ್ಡದು ಮೂವತ್ತು ಅಡಿಯದು. ಅಲ್ಲಿ ನಿಂತಾಗ ರಾಯಚೂರಿನ ಗೋಡೆ ಯಾಕೆ ಕುರುಡಾಗಿತ್ತು ಎಂಬುದು ತಾನಾಗಿ ಹೊಳೆಯುತ್ತದೆ.

ಹಂಪಿಗೆ ಹೋದಾಗ ಇದೇ ಕಣ್ಣಿನಿಂದ ನೋಡಿ. ಬಾಗಿಲುಗಳಲ್ಲಿ ಶತ್ರು ನೇರ ನುಗ್ಗದಂತೆ ಮುರುವುಗಳಿವೆ, ಕಲ್ಲಿನ ಕೂಡಿಕೆ ಬೆರಗು ಹುಟ್ಟಿಸುತ್ತದೆ, ಗುಡ್ಡಗಳನ್ನೇ ಗೋಡೆಗೆ ಸೇರಿಸಿಕೊಂಡ ಜಾಣತನವಿದೆ. ತೋಪು ಕೂರಿಸುವ ಆ ದುಂಡು ಬುರುಜು ಮಾತ್ರ ಇಲ್ಲ. 1565ರಲ್ಲಿ ದಖ್ಖನಿನ ಸುಲ್ತಾನರ ಕೂಟ ವಿಜಯನಗರವನ್ನು ಎದುರಿಸಿದ ರಕ್ಕಸಗಿ–ತಂಗಡಗಿಯ ಬಯಲಲ್ಲಿ, ಫೆರಿಷ್ತಾ ಹೇಳುವಂತೆ, ಅಹಮದ್‌ನಗರದ ತೋಪುಗಳು ತಾಮ್ರದ ನಾಣ್ಯ ತುಂಬಿಕೊಂಡು ಹಾರಿದವು. ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯನ ತಲೆ ಹೋಯಿತು. ಅವನ ತಮ್ಮ ತಿರುಮಲರಾಯ ಅರಸ ಸದಾಶಿವರಾಯನನ್ನು ಕರೆದುಕೊಂಡು, ಭಂಡಾರವನ್ನೂ ಹೊತ್ತು ಪೆನುಕೊಂಡೆ ಸೇರಿದ. ರಾಜಧಾನಿಯ ಗೋಡೆಗಳನ್ನು ಕಾಯಲು ಪಡೆಯೇ ನಿಲ್ಲಲಿಲ್ಲ.

ರಾಯಚೂರು ಕೃಷ್ಣದೇವರಾಯ ತೀರಿಕೊಂಡ ಬೆನ್ನಿಗೇ ಕೈತಪ್ಪಿತ್ತು. 1565ರ ನಂತರ ಎಡೆದೊರೆ ಗಟ್ಟಿಯಾಗಿ ಬಿಜಾಪುರದ ಪಾಲಾಯಿತು. ಬಿಜಾಪುರವಾದರೂ ಉಳಿಯಿತೇ? ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನೋಡಿ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ತೆರೆದ ಸಿಂಹದ ದವಡೆಯಲ್ಲಿ ಆನೆ ನಲುಗುತ್ತಿದೆ. ಇಂಥ ತೋಪಿದ್ದೂ 1686ರಲ್ಲಿ ಔರಂಗಜೇಬನ ಮುತ್ತಿಗೆಗೆ ಊರು ಮಣಿಯಿತು. ಅದೇ ತೋಪಿನ ಮೈಮೇಲೆ, ಎರಕದವನ ಹೆಸರಿರುವ ಬರಹದ ಜೊತೆಗೆ, ತಾನು ಬಿಜಾಪುರವನ್ನೂ ಮಲಿಕ್-ಎ-ಮೈದಾನನ್ನೂ ಗೆದ್ದೆನೆಂದು ಔರಂಗಜೇಬ ಆಲಂಗೀರ ಕೊರೆಸಿದ ಫಾರ್ಸಿ ಸಾಲುಗಳು ಇವತ್ತಿಗೂ ಕಾಣುತ್ತವೆ.