ಸರ್ಕಾರಿ ಹೈಸ್ಕೂಲಿನಲ್ಲಿ ಯಾರ್ಯಾರಿದ್ದಾರೆ, ಯಾರ್ಯಾರು ಇರಬೇಕಿತ್ತು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಇಡೀ ರಾಜ್ಯಕ್ಕೆ ಸರ್ಕಾರಿ ಹೈಸ್ಕೂಲು ನೆನಪಾಗುತ್ತದೆ. ಯಾವ ಜಿಲ್ಲೆ ಮೇಲೆ, ಯಾವ ಜಿಲ್ಲೆ ಕೆಳಗೆ, ಯಾವ ಶಾಲೆಯಲ್ಲಿ ಒಬ್ಬರೂ ಪಾಸಾಗಿಲ್ಲ ಅನ್ನೋ ಪಟ್ಟಿ ಹರಿದಾಡುತ್ತದೆ. ಆಮೇಲೆ ಶಿಕ್ಷಕರಿಗೆ ನೋಟಿಸ್ ಹೋಗುತ್ತದೆ. ಆದರೆ ಒಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ: ಆ ಶಾಲೆಯಲ್ಲಿ ಎಷ್ಟು ಜನ ಕೆಲಸ ಮಾಡಬೇಕಿತ್ತು, ನಿಜವಾಗಿ ಎಷ್ಟು ಜನ ಇದ್ದರು?

ಹೈಸ್ಕೂಲು ಅಂದ ಕೂಡಲೇ ನಮಗೆ ಕಾಣುವುದು ಮೇಷ್ಟ್ರು ಮತ್ತು ಬೋರ್ಡು. ಶಾಲೆ ನಡೆಯುವುದು ಮಾತ್ರ ಐದಾರು ಬಗೆಯ ನೌಕರರಿಂದ. ಇವರ ನೇಮಕಾತಿ ಬೇರೆ ಬೇರೆ, ಸಂಬಳ ಬೇರೆ ಬೇರೆ, ಭದ್ರತೆಯೂ ಬೇರೆ ಬೇರೆ. ಇವರಲ್ಲಿ ಒಬ್ಬರ ಕುರ್ಚಿ ಖಾಲಿಯಾದರೂ ಆ ಭಾರ ಕೊನೆಗೆ ಬೀಳುವುದು ತರಗತಿಯ ಮೇಲೆಯೇ. ಯಾರು ಯಾರು, ಯಾರ ಕೆಲಸ ಏನು ಅಂತ ಒಂದೊಂದಾಗಿ ನೋಡೋಣ.

ಮುಖ್ಯ ಶಿಕ್ಷಕರು

ಕರ್ನಾಟಕದಲ್ಲಿ ಪ್ರೌಢಶಾಲೆ ಅಂದರೆ 8, 9 ಮತ್ತು 10ನೇ ತರಗತಿ. ಇದರ ಮುಖ್ಯಸ್ಥರು ಗ್ರೂಪ್ ಬಿ ದರ್ಜೆಯ ಮುಖ್ಯ ಶಿಕ್ಷಕರು. ಪಿಯು ಕಾಲೇಜಿನ ಜೊತೆಗೇ ಹೈಸ್ಕೂಲು ಇದ್ದರೆ, ಪ್ರೌಢಶಾಲಾ ವಿಭಾಗವನ್ನು ಉಪಪ್ರಾಂಶುಪಾಲರು ನೋಡಿಕೊಳ್ಳುತ್ತಾರೆ. ಇವರ ಮೇಲೆ ತಾಲ್ಲೂಕಿನಲ್ಲಿ ಬಿಇಒ, ಜಿಲ್ಲೆಯಲ್ಲಿ ಡಿಡಿಪಿಐ.

ಹೆಡ್ ಮಾಸ್ಟರ್ ಕೆಲಸ ಪಾಠದ ಉಸ್ತುವಾರಿಯಷ್ಟೇ ಅಲ್ಲ. ಸಿಬ್ಬಂದಿಯ ಸಂಬಳದ ಬಿಲ್ಲು, ಸೇವಾ ಪುಸ್ತಕ, ಖಜಾನೆ ವ್ಯವಹಾರ, ಬಿಸಿಯೂಟದ ಲೆಕ್ಕ, ಕಟ್ಟಡ ರಿಪೇರಿ, ಪರೀಕ್ಷಾ ನೋಂದಣಿ ಎಲ್ಲಕ್ಕೂ ಅವರದೇ ಸಹಿ ಬೇಕು. ಈ ಹುದ್ದೆ ಖಾಲಿಯಾದರೆ ಹಿರಿಯ ಸಹ ಶಿಕ್ಷಕರೊಬ್ಬರು 'ಪ್ರಭಾರ' ಆಗುತ್ತಾರೆ. ಕಾಗದದಲ್ಲಿ ಸಮಸ್ಯೆ ಬಗೆಹರಿಯಿತು. ಆದರೆ ಆ ಹಿರಿಯ ಶಿಕ್ಷಕರು ಗಣಿತದವರಾಗಿದ್ದರೆ ಗಣಿತದ ಪೀರಿಯಡ್ ಕಥೆ ಏನು?

ಸಹ ಶಿಕ್ಷಕರು

ಇವರು ಗ್ರೂಪ್ ಸಿ ನೌಕರರು. ಪದವಿಯ ಜೊತೆಗೆ ಬಿ.ಇಡಿ ಇರಬೇಕು. ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಶಿಕ್ಷಕರು ಹಲವು ವಿಷಯ ನಿಭಾಯಿಸಬಹುದು. ಹೈಸ್ಕೂಲಿನಲ್ಲಿ ಹಾಗಲ್ಲ, ಇಲ್ಲಿ ನೇಮಕಾತಿ ನಡೆಯುವುದೇ ವಿಷಯವಾರು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಸೇರಿ ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಗಣಿತ, ವಿಜ್ಞಾನದ ಶಿಕ್ಷಕರನ್ನು ಇಲಾಖೆಯ ಭಾಷೆಯಲ್ಲಿ ಪಿಸಿಎಂ, ಸಿಬಿಝಡ್ ಅಂತ ಗುರುತಿಸುತ್ತಾರೆ. ಪಿಸಿಎಂನವರು ಸಾಮಾನ್ಯವಾಗಿ ಗಣಿತದ ಜೊತೆ ಭೌತಶಾಸ್ತ್ರದ ಭಾಗ ನೋಡಿಕೊಂಡರೆ, ಜೀವಶಾಸ್ತ್ರ ಸಿಬಿಝಡ್‌ನವರ ಪಾಲು.

ಸಣ್ಣ ಹೈಸ್ಕೂಲಿನಲ್ಲಿ ಒಂದು ವಿಷಯಕ್ಕೆ ಇರುವುದೇ ಒಬ್ಬರು. ಹಾಗಾಗಿ ಪಿಸಿಎಂ ಹುದ್ದೆ ಒಂದು ಖಾಲಿಯಾದರೆ ಹೋಗುವುದು ಒಂದು ತರಗತಿಯ ಪಾಠವಲ್ಲ, ಮೂರೂ ತರಗತಿಯ ಗಣಿತ. 'ನಮ್ಮಲ್ಲಿ ಇಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರಿದ್ದಾರೆ' ಅನ್ನೋ ಸರಾಸರಿ ಲೆಕ್ಕ ಇದನ್ನು ಮುಚ್ಚಿಡುತ್ತದೆ. ಸಮಾಜ ವಿಜ್ಞಾನಕ್ಕೆ ಇಬ್ಬರಿದ್ದು ಗಣಿತಕ್ಕೆ ಯಾರೂ ಇಲ್ಲದಿದ್ದರೂ ಸರಾಸರಿ ಚೆನ್ನಾಗೇ ಕಾಣುತ್ತೆ!

ಪಿಟಿ ಮೇಷ್ಟ್ರು ಅಂತ ಕರೆಯುವ ದೈಹಿಕ ಶಿಕ್ಷಣ ಶಿಕ್ಷಕರು, ಚಿತ್ರಕಲಾ ಶಿಕ್ಷಕರು, ಕೆಲವು ಕಡೆ ಸಂಗೀತ ಅಥವಾ ವೃತ್ತಿ ಶಿಕ್ಷಕರೂ ಈ ಬಳಗದವರೇ. ಇವರ ವಿಷಯ 625ರ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೇ ಈ ಹುದ್ದೆಗಳು ಖಾಲಿ ಉಳಿದರೆ ಕೇಳುವವರು ಕಡಿಮೆ.

ಅತಿಥಿ ಶಿಕ್ಷಕರು

ಹೆಸರಿಗೆ ಅತಿಥಿ. ಮಾಡುವುದು ಮಾತ್ರ ಮನೆಯವರ ಕೆಲಸ. ಖಾಲಿ ಹುದ್ದೆಯ ಎದುರು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಇವರನ್ನು ತೆಗೆದುಕೊಳ್ಳಲಾಗುತ್ತದೆ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಪ್ರೌಢಶಾಲೆಯಲ್ಲಿ ತಿಂಗಳಿಗೆ 10,500 ರೂಪಾಯಿ ಇತ್ತು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಾಯಿತು. ಬೇಸಿಗೆ ರಜೆಗೆ ದುಡ್ಡಿಲ್ಲ, ಪಿಂಚಣಿ ಇಲ್ಲ, ಮುಂದಿನ ವರ್ಷ ಇದೇ ಶಾಲೆ ಸಿಗುತ್ತೆ ಅನ್ನೋ ಖಾತ್ರಿಯೂ ಇಲ್ಲ. ಪಕ್ಕದ ಕೊಠಡಿಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರ ಸಂಬಳ ಇದರ ಹಲವು ಪಟ್ಟು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಶಾಲೆ ಶುರುವಾಗಿ, ಆದೇಶ ಹೊರಬಿದ್ದು, ಅರ್ಜಿ ಕರೆದು, ಆಯ್ಕೆ ಮುಗಿಯುವ ಹೊತ್ತಿಗೆ ವರ್ಷದ ಮೊದಲ ಪಾಠಗಳು ಹಿಂದೆ ಉಳಿದಿರುತ್ತವೆ. ಫಲಿತಾಂಶದ ಪಟ್ಟಿಯಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ.

ಗುಮಾಸ್ತರು ಮತ್ತು ಡಿ ಗ್ರೂಪ್ ನೌಕರರು

ಪ್ರಥಮ ಅಥವಾ ದ್ವಿತೀಯ ದರ್ಜೆ ಸಹಾಯಕರು, ಜವಾನರು. ಶಾಲೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಇವರ ಹೆಸರು ಬರುವುದೇ ಅಪರೂಪ. ಆದರೆ ಟಿಸಿ, ವ್ಯಾಸಂಗ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಸಂಬಳದ ಬಿಲ್ಲು, ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ, ಎಸ್‌ಎಸ್‌ಎಲ್‌ಸಿ ನೋಂದಣಿ ಇವೆಲ್ಲ ಕಚೇರಿ ಕೆಲಸ. ನೋಂದಣಿಯಲ್ಲಿ ಹುಡುಗಿಯ ಹೆಸರಿನ ಒಂದಕ್ಷರ ತಪ್ಪಿದರೆ ಅದನ್ನು ಸರಿಪಡಿಸಲು ಅವಳು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಗುಮಾಸ್ತರಿಲ್ಲದ ಶಾಲೆಯಲ್ಲಿ ಇದನ್ನೆಲ್ಲ ಮಾಡುವವರು ಶಿಕ್ಷಕರೇ, ಅದರಲ್ಲೂ ಕಂಪ್ಯೂಟರ್ ಬಲ್ಲ ಕಿರಿಯ ಶಿಕ್ಷಕರು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಗಣಿತದ ಶಿಕ್ಷಕರ ದಿನಕ್ಕೊಂದು ಪೀರಿಯಡ್ ಕಂಪ್ಯೂಟರ್ ಮುಂದೆ ಹೋಯಿತು ಅಂದುಕೊಳ್ಳಿ. ವಾರಕ್ಕೆ ಆರು ಪೀರಿಯಡ್ ಆಯಿತು. ಒಂದು ತರಗತಿಗೆ ದಿನಕ್ಕೊಂದು ಗಣಿತದ ಪೀರಿಯಡ್ ಇದ್ದರೆ, ಆ ತರಗತಿಯ ಇಡೀ ವಾರದ ಗಣಿತವೇ ಹೋದಂತೆ. ಗುಮಾಸ್ತರ ಸಂಬಳ ಉಳಿಯಿತು ಅಂತ ಸರ್ಕಾರ ಅಂದುಕೊಳ್ಳಬಹುದು. ಉಳಿದಿಲ್ಲ. ಅದನ್ನು ಮಕ್ಕಳ ಪಾಠದ ಸಮಯದಿಂದ ವಸೂಲಿ ಮಾಡಲಾಗಿದೆ.

ಡಿ ಗ್ರೂಪ್ ಹುದ್ದೆಯ ಕಥೆಯೂ ಇದೇ. ಬಾಗಿಲು ತೆಗೆಯುವವರು, ಗಂಟೆ ಹೊಡೆಯುವವರು, ಶೌಚಾಲಯ ತೊಳೆಯುವವರು ಇಲ್ಲದಿದ್ದರೆ ಆ ಕೆಲಸ ನಿಲ್ಲುವುದಿಲ್ಲ, ಬೇರೆಯವರ ಹೆಗಲಿಗೆ ಜಾರುತ್ತದೆ. ಎಷ್ಟೋ ಕಡೆ ಅದು ಮಕ್ಕಳ ಹೆಗಲಿಗೇ ಬಂದು ನಿಂತು ಸುದ್ದಿಯಾಗಿದ್ದನ್ನು ನಾವೆಲ್ಲ ನೋಡಿದ್ದೇವೆ.

ಅಡುಗೆಯವರು

ಕೇಂದ್ರದ ಪಿಎಂ ಪೋಷಣ್ ಯೋಜನೆ 8ನೇ ತರಗತಿಗೆ ನಿಲ್ಲುತ್ತದೆ. ಕರ್ನಾಟಕ ತನ್ನ ಖರ್ಚಿನಲ್ಲಿ 9 ಮತ್ತು 10ನೇ ತರಗತಿಯ ಮಕ್ಕಳಿಗೂ ಊಟ ಹಾಕುತ್ತದೆ. ಇದು ಹೆಮ್ಮೆ ಪಡುವ ವಿಷಯವೇ. 2013ರಲ್ಲಿ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ಪ್ರತಿ ಬಾರಿ ಯೋಜನೆ ಬೆಳೆದಾಗ ಹಾಲು ಕಾಯಿಸುವ, ಮೊಟ್ಟೆ ಬೇಯಿಸಿ ಸುಲಿಯುವ ಕೆಲಸವೂ ಬೆಳೆಯಿತು. ಆದರೆ ಅಡುಗೆಯ ಅಕ್ಕಂದಿರು ಇಂದಿಗೂ ನೌಕರರಲ್ಲ, 'ಗೌರವಧನ' ಪಡೆಯುವವರು. 2025-26ರ ಬಜೆಟ್‌ನಲ್ಲಿ ಅವರಿಗೆ ಸಿಕ್ಕ ಹೆಚ್ಚಳ ತಿಂಗಳಿಗೆ 1,000 ರೂಪಾಯಿ. ಇಷ್ಟಾದರೂ ಅವರ ಗೌರವಧನ ಅತಿಥಿ ಶಿಕ್ಷಕರ ಅರ್ಧವನ್ನೂ ಮುಟ್ಟುವುದಿಲ್ಲ.

ಶಾಲೆಯ ಹೊರಗಿನ ಕೆಲಸ

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೆ ಆ ಕಾಯ್ದೆಯ ವ್ಯಾಪ್ತಿ 8ನೇ ತರಗತಿವರೆಗಿನ ಶಿಕ್ಷಣ. 9, 10ಕ್ಕೆ ಪಾಠ ಮಾಡುವವರಿಗೆ ಈ ರಕ್ಷಣೆ ಇನ್ನೂ ತೆಳು. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಖಾಸಗಿ ಶಾಲೆಯ ಮಕ್ಕಳಿಗೆ ಪಾಠ ನಡೆಯುತ್ತಿದ್ದಾಗ ಸರ್ಕಾರಿ ಶಾಲೆಯ ಮಕ್ಕಳು ಮನೆಯಲ್ಲಿದ್ದರು. ಆ ಮಕ್ಕಳಲ್ಲಿ ಬಹುಪಾಲು ಸಮೀಕ್ಷೆ ಯಾರ ಒಳಿತಿಗೋ ಆ ಸಮುದಾಯಗಳವರೇ.

ಯಾರ ಮಾತು ಕೇಳುತ್ತದೆ?

ಸಂವಿಧಾನದ 171ನೇ ವಿಧಿ ಪ್ರಕಾರ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳಿವೆ. ನಮ್ಮ 75 ಸ್ಥಾನಗಳಲ್ಲಿ ಅವು 7. ಮತ ಹಾಕುವವರು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಶಿಕ್ಷಕರು. ಹಾಗಾಗಿ ಅವರ ಪಿಂಚಣಿ, ವರ್ಗಾವಣೆ, ಬಡ್ತಿಯ ಮಾತು ಸದನದಲ್ಲಿ ಕೇಳಿಸುತ್ತದೆ. ಕೇಳಿಸಲೇಬೇಕು. ಆದರೆ ಅದೇ ಕಾಂಪೌಂಡಿನ ಗುಮಾಸ್ತರಿಗೆ, ಜವಾನರಿಗೆ, ಅಡುಗೆಯವರಿಗೆ ಅಂಥ ಕ್ಷೇತ್ರ ಇಲ್ಲ.

2023ರಲ್ಲಿ 83.89 ಇದ್ದ ಎಸ್‌ಎಸ್‌ಎಲ್‌ಸಿ ಶೇಕಡಾವಾರು ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ನಕಲನ್ನು ಹಿಡಿಯಬಹುದು. ಜೂನ್‌ನಿಂದ ಖಾಲಿ ಇರುವ ಕುರ್ಚಿ ಅದಕ್ಕೆ ಕಾಣಲ್ಲ.

ನೀವು ಕೇಳಬಹುದಾದ್ದು

ನಿಮ್ಮೂರಿನ ಹೈಸ್ಕೂಲಿನ ಶಿಕ್ಷಕರ ಸಂಖ್ಯೆ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಉಳಿದದ್ದಕ್ಕೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಪ್ರಶ್ನೆಗಳು ಇಷ್ಟೇ:

• ಮಂಜೂರಾದ ಹುದ್ದೆ ವಿಷಯವಾರು ಎಷ್ಟು, ಭರ್ತಿ ಎಷ್ಟು?
• ಅತಿಥಿ ಶಿಕ್ಷಕರು ಯಾವ ದಿನಾಂಕದಂದು ಬಂದರು?
• ಗುಮಾಸ್ತ, ಡಿ ಗ್ರೂಪ್ ಹುದ್ದೆ ಎಷ್ಟು ವರ್ಷದಿಂದ ಖಾಲಿ?
• ನಿಯೋಜನೆ ಮೇಲೆ ಬೇರೆ ಕಡೆ ಹೋಗಿರುವವರು ಯಾರು?

ಉತ್ತರವನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಡಿ, ಶಾಸಕರ ಕೈಗೂ ಒಂದು ಪ್ರತಿ ಕೊಡಿ. ಈ ಕೆಲಸಕ್ಕೆ ಸರಿಯಾದ ತಿಂಗಳು ಜೂನ್, ಫಲಿತಾಂಶ ಬರುವ ತಿಂಗಳಲ್ಲ.