ಹಲಗೆಯಿಂದ ಮಂಡಲಿಗೆ: ‘ಬೋರ್ಡು’ ಶಬ್ದದ ಕಥೆ

ಕಾಸರಗೋಡಿನ ಹಿರಿಯರ ಬಾಯಲ್ಲಿ ‘ಬೋರ್ಡು ಶಾಲೆ’ ಎಂಬ ಮಾತನ್ನು ನಾವು ಕೇಳುತ್ತ ಬಂದವರು. ಆ ಶಾಲೆಯ ಕರಿಹಲಗೆಯೂ ಬೋರ್ಡು, ಬಾಗಿಲ ಮೇಲಣ ನಾಮಫಲಕವೂ ಬೋರ್ಡು, ಮಾಸ್ತರರಿಗೆ ಸಂಬಳ ಕೊಡುತ್ತಿದ್ದುದೂ ಬೋರ್ಡೇ. ಒಂದೇ ಶಬ್ದ ಇಷ್ಟು ಕಡೆ ನೆಲೆಯೂರಿದ ಬಗೆ ವಿಚಾರಾರ್ಹವಾದುದು.

ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಮರದ ಹಲಗೆ ಎಂದರ್ಥ. ಹಡಗಿನ ಪಕ್ಕಕ್ಕೂ ಇದೇ ಹೆಸರು. ಬಲಮಗ್ಗುಲು ‘ಸ್ಟಾರ್‌ಬೋರ್ಡ್’ ಆದುದು ಚುಕ್ಕಾಣಿಯ ಹುಟ್ಟು ಆ ಕಡೆಗಿದ್ದುದರಿಂದ. ನಕ್ಷತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಲಗೆಯು ಉಣ್ಣುವ ಮೇಜಾಯಿತು, ಮೇಜು ಊಟವಾಯಿತು. ‘ಬೋರ್ಡಿಂಗ್’ ಬಂದುದು ಅಲ್ಲಿಂದ. ಮೇಜಿನ ಸುತ್ತ ಕುಳಿತು ಆಲೋಚಿಸುವವರೂ ಕಡೆಗೆ ಬೋರ್ಡು ಎನಿಸಿದರು. ಇದರಲ್ಲಿ ಸೋಜಿಗವಿಲ್ಲ, ಕೂರುವ ‘ಪೀಠ’ವೇ ನಮ್ಮಲ್ಲಿ ನ್ಯಾಯಪೀಠವಾಗಿಲ್ಲವೆ? ನಮ್ಮ ‘ಹಲಗೆ’ ಮಾತ್ರ ಬೇರೆ ಹಾದಿ ಹಿಡಿದು ಮಕ್ಕಳ ಸ್ಲೇಟೂ ಬಡಿಯುವ ವಾದ್ಯವೂ ಆಯಿತು. ಅಧಿಕಾರ ಅದಕ್ಕೆ ದಕ್ಕಲಿಲ್ಲ.

ಮದರಾಸು ಪ್ರಾಂತದ 1884ರ ಸ್ಥಳೀಯ ಬೋರ್ಡುಗಳ ಕಾಯಿದೆಯೊಡನೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಹೆಸರು ದಕ್ಷಿಣ ಕನ್ನಡದಲ್ಲಿಯೂ ಬಳಕೆಗೆ ಬಂದಿತು. ಕಾಸರಗೋಡು ಆಗ ಅದರ ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಬೋರ್ಡು ಅಳಿಯಿತು, ಶಬ್ದ ಉಳಿಯಿತು.

ಇಂದು ಆ ಶಬ್ದ ನಮಗೆ ನೆನಪಿಸುವುದು ಮಂಡಲಿಯನ್ನಲ್ಲ, ಕಚೇರಿಯ, ಬಸ್ಸಿನ ಫಲಕವನ್ನು. ಅದರಲ್ಲಿ ಕನ್ನಡವಿದೆಯೆ ಎಂಬ ಪ್ರಶ್ನೆಯನ್ನು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೆ ಸರಕಾರದೊಡನೆ ತಮ್ಮ ನುಡಿಯಲ್ಲಿ ಪತ್ರವ್ಯವಹಾರಕ್ಕೆ ಎಡೆಯಿತ್ತಿದೆ. ಆದರೂ ಕನ್ನಡವೊಂದನ್ನೇ ಓದಬಲ್ಲ ಅಜ್ಜಿಯರು ಬಸ್ಸು ಬಂದಾಗ ಪಕ್ಕದವರನ್ನು, “ಬೋರ್ಡು ಎಲ್ಲಿಯದು ಮಗಾ?” ಎಂದು ಕೇಳುವುದನ್ನು ನಾವು ಕಂಡಿದ್ದೇವೆ.