ಬಾರ್ದೇಸದ ಬುದ್ಧನೂ ಸಾಂಕವಾಳದ ಧರ್ಮಾನಂದರೂ

ಗೋವೆಯ ಕಲಂಗುಟ್ ಎಂದೊಡನೆ ಗಡಿನಾಡಿನವರಾದ ನಮ್ಮ ಕಣ್ಣಿಗೆ ಕಟ್ಟುವುದು ಕಡಲತಡಿ, ಇಗರ್ಜಿ. ಅದೇ ಬಾರ್ದೇಸ ತಾಲೂಕಿನ ಕೊಲವಾಳದಲ್ಲಿ 1930ರ ಸುಮಾರಿಗೆ ಫಾದರ್ ಹೆರಾಸರಿಗೆ ಬುದ್ಧನ ಶಿಲಾಮೂರ್ತಿಯೊಂದು ದೊರೆತು ಮುಂಬಯಿಯನ್ನು ಸೇರಿತು. ಆದರೆ ಕಲ್ಲು ಧರ್ಮದ ಗುರುತನ್ನಷ್ಟೇ ಹೇಳೀತು; ಧ್ಯಾನಕ್ಕೆ ಕುಳಿತವನ ಮನಸ್ಸಿನ ಪಾಡನ್ನರಿಯಲು ಗ್ರಂಥಗಳಿಗೇ ಹೋಗಬೇಕು. ಆ ಗ್ರಂಥಗಳನ್ನು ನಮ್ಮ ಕಾಲದವರಿಗೆ ತೆರೆದುಕೊಟ್ಟವರಲ್ಲಿ ಒಬ್ಬರು ಗೋವೆಯವರೇ ಎಂಬುದು ಸಂತೋಷದ ಸಂಗತಿ.

ಧರ್ಮಾನಂದ ಕೋಸಂಬಿಯವರು 1876ರಲ್ಲಿ ಸಾಂಕವಾಳದಲ್ಲಿ ಹುಟ್ಟಿದರು. 1899ರಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಹೊರಟು, ಪುಣೆ, ಕಾಶಿ, ನೇಪಾಳಗಳನ್ನು ಸುತ್ತಿ 1902ರಲ್ಲಿ ಸಿಂಹಳವನ್ನು ಮುಟ್ಟಿದರು. ಅಲ್ಲಿ ದೀಕ್ಷೆ, ಪಾಲಿಯ ವ್ಯಾಸಂಗ. ಮುಂದೆ ಬರ್ಮಾದಲ್ಲಿ ಧ್ಯಾನಾಭ್ಯಾಸ.

ಧ್ಯಾನಕ್ಕೆ ಅಡ್ಡ ಬರುವುವನ್ನು ಪಾಲಿಯಲ್ಲಿ ನೀವರಣಗಳೆನ್ನುತ್ತಾರೆ. ಕಾಮಚ್ಛಂದ, ವ್ಯಾಪಾದ, ಥೀನಮಿದ್ಧ, ಉದ್ಧಚ್ಚಕುಕ್ಕುಚ್ಚ, ವಿಚಿಕಿಚ್ಛಾ. ಎಂದರೆ ಭೋಗದಾಸೆ, ದ್ವೇಷ, ಜಡತೆ, ಚಾಂಚಲ್ಯದೊಡನೆ ಪಶ್ಚಾತ್ತಾಪ, ಸಂಶಯ. ನಾಲ್ಕನೆಯದನ್ನು ವಾಚಕರು ತುಸು ನಿಂತು ನೋಡಬೇಕು. ಮಾಡಿದ ತಪ್ಪನ್ನೂ ಮಾಡದೆ ಬಿಟ್ಟ ಕರ್ತವ್ಯವನ್ನೂ ನೆನೆದು ಕೊರಗುವುದು ಧರ್ಮಭೀರುವಿನ ಲಕ್ಷಣವೆಂದು ನಾವು ಬಗೆಯುತ್ತೇವೆ. ಬೌದ್ಧರಾದರೋ ಅದನ್ನು ಅಡ್ಡಿಯೆಂದೇ ಎಣಿಸಿ, ಗಾಳಿಗೆ ಅಲೆಯೆದ್ದ ನೀರಿನಲ್ಲಿ ಮುಖ ಕಾಣದೆಂದು ಹೋಲಿಸಿದರು. ಆಗದ ಕೆಲಸಕ್ಕೆ ಇದು ರಿಯಾಯಿತಿಯೆಂದು ತಿಳಿಯಲಾಗದು. ಐದನೆಯ ಶತಮಾನದ ಬುದ್ಧಘೋಷನ ‘ವಿಸುದ್ಧಿಮಗ್ಗ’ ಶೀಲದಿಂದಲೇ ಮೊದಲಾಗುತ್ತದೆ. ನಡತೆ ನೇರವಾದರೆ ಕೊರಗಿಗೆ ಕಾರಣವಿಲ್ಲ. ಕೊರಗಿಲ್ಲದಲ್ಲಿ ಹರ್ಷ, ಹರ್ಷದಿಂದ ಶಾಂತಿ, ಸುಖ, ಕೊನೆಗೆ ಏಕಾಗ್ರತೆ. ಈ ನೀವರಣಕ್ಕೆ ನೇರ ಎದುರಾಳಿಯೆಂದು ಅಲ್ಲಿ ಹೆಸರಿಸಿರುವುದು ಸುಖವನ್ನು, ದೇಹದಂಡನೆಯನ್ನಲ್ಲ!

ಕೋಸಂಬಿಯವರು ಕಾವಿಯಲ್ಲಿಯೇ ಉಳಿಯಲಿಲ್ಲ. 1906ರಲ್ಲಿ ಕಲಕತ್ತೆಯಲ್ಲಿ ಪಾಲಿಯ ಅಧ್ಯಾಪಕರಾಗಿ ಮತ್ತೆ ಸಂಸಾರವನ್ನು ಕೂಡಿಕೊಂಡರು. ಮರುವರ್ಷ ಹುಟ್ಟಿದ ಮಗನೇ ಇತಿಹಾಸಜ್ಞ ದಾಮೋದರ ಕೋಸಂಬಿ. ಇದನ್ನು ಪತನವೆನ್ನುವವರಿದ್ದಾರು. ಬಿಟ್ಟುಬಂದದ್ದನ್ನು ನೆನೆದು ಕೊರಗುವುದಕ್ಕಿಂತ ತಿರುಗಿ ಹೋಗಿ ಭಾರ ಹೊರುವುದು ಶೀಲಕ್ಕೆ ಹತ್ತಿರವೆಂದು ನನ್ನ ಅಭಿಪ್ರಾಯ.

ಸಾಮಾನ್ಯರಿಗಾಗಿ ಅವರು ಮರಾಠಿಯಲ್ಲಿ ‘ಸಮಾಧಿಮಾರ್ಗ’ವನ್ನು ಬರೆದರು. 1940ರಲ್ಲಿ ‘ವಿಸುದ್ಧಿಮಗ್ಗ’ವನ್ನು ನಾಗರಿ ಲಿಪಿಯಲ್ಲಿ ಸಂಪಾದಿಸಿಕೊಟ್ಟರು. ಅಮೆರಿಕದ ಹೆನ್ರಿ ಕ್ಲಾರ್ಕ್ ವಾರೆನ್ ಅದೇ ಗ್ರಂಥದ ರೋಮನ್ ಲಿಪಿಯ ಆವೃತ್ತಿಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡದ್ದು 1899ರಲ್ಲಿ, ಕೋಸಂಬಿಯವರು ಮನೆ ಬಿಟ್ಟ ವರ್ಷದಲ್ಲಿಯೇ. ಅದನ್ನು ಪರಿಷ್ಕರಿಸಿದವರೂ ಇವರೇ. 1947ರಲ್ಲಿ ಸೇವಾಗ್ರಾಮದಲ್ಲಿ ಅವರು ದೇಹವಿಟ್ಟ ಮೂರು ವರ್ಷಕ್ಕೆ ಹಾರ್ವರ್ಡಿನಿಂದ ಆ ಸಂಪುಟ ಹೊರಬಂದಿತು.